ಗಡಿ ದಾಟಿದ ‘ಅಣು’: ಪರಮಾಣು ರಚನೆಯ ಬೋಧನೆಯಲ್ಲಿ ಪರಿಭಾಷೆಯ ತೊಡಕು

‘ಆಮ್ಲಜನಕದ ಒಂದು ಅಣುವಿನಲ್ಲಿ ಎಷ್ಟು ಪ್ರೋಟಾನುಗಳಿವೆ?’ ಈ ಪ್ರಶ್ನೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರ ಉತ್ತರ 16; ಮರಾಠಿ ಮಾಧ್ಯಮದಲ್ಲಿ ಓದಿದವರ ಉತ್ತರ 8. ಎರಡೂ ಸರಿಯೇ. ಭೇದವಿರುವುದು ರಸಾಯನಶಾಸ್ತ್ರದಲ್ಲಲ್ಲ, ‘ಅಣು’ ಎಂಬ ಪದದಲ್ಲಿ.

ಪರಮಾಣುವಿನ ರಚನೆ ಹಂತ ಹಂತವಾಗಿ ತಿಳಿದುಬಂದಿತು. 1897ರಲ್ಲಿ ಜೆ. ಜೆ. ಥಾಮ್ಸನ್ ಋಣಾವೇಶದ ಎಲೆಕ್ಟ್ರಾನನ್ನು ಗುರುತಿಸಿದರು. ಧನಾವೇಶವೂ ಬಹುಪಾಲು ದ್ರವ್ಯರಾಶಿಯೂ ಅತ್ಯಂತ ಕಿರಿದಾದ ನ್ಯೂಕ್ಲಿಯಸ್ಸಿನಲ್ಲಿ ಅಡಕವಾಗಿವೆಯೆಂದು 1911ರಲ್ಲಿ ರುದರ್‌ಫೋರ್ಡ್ ಪ್ರತಿಪಾದಿಸಿದರು. ಆವೇಶರಹಿತ ನ್ಯೂಟ್ರಾನನ್ನು 1932ರಲ್ಲಿ ಚಾಡ್ವಿಕ್ ಕಂಡುಹಿಡಿದರು. ಈ ಮೂರು ಕಣಗಳಲ್ಲಿ ಧಾತುವಿನ ಗುರುತನ್ನು ನಿರ್ಣಯಿಸುವುದು ಪ್ರೋಟಾನು ಮಾತ್ರ. ಪ್ರೋಟಾನುಗಳು 8 ಇದ್ದರೆ ಅದು ಆಮ್ಲಜನಕವೇ. ನ್ಯೂಟ್ರಾನುಗಳು 8, 9 ಅಥವಾ 10 ಆದಾಗ ಅದರ ಬೇರೆ ಬೇರೆ ಐಸೊಟೋಪುಗಳು ದೊರೆಯುತ್ತವೆ. ಎಲೆಕ್ಟ್ರಾನುಗಳು ಹೆಚ್ಚು ಕಡಿಮೆಯಾದರೆ ಅಯಾನು ಉಂಟಾಗುತ್ತದೆ. ಇಂತಹ ಎರಡು ಆಮ್ಲಜನಕ ಪರಮಾಣುಗಳು ಕೂಡಿ ಅನಿಲದ ಒಂದು ಅಣುವಾಗುತ್ತದೆ.

ಕನ್ನಡ ಮತ್ತು ತೆಲುಗುಗಳಲ್ಲಿ ಘಟಕ ‘ಪರಮಾಣು’, ಸಂಯೋಗ ‘ಅಣು’. ಮರಾಠಿಯಲ್ಲಿ ಇವೇ ಕ್ರಮವಾಗಿ ‘ಅಣು’ ಮತ್ತು ‘ರೇಣು’. ತಮಿಳಿನಲ್ಲಿ ‘ಅಣು’ ಮತ್ತು ‘ಮೂಲಕ್ಕೂರು’. ಮಲಯಾಳದಲ್ಲಿ ‘ಆಟಂ’ ಮತ್ತು ‘ತನ್ಮಾತ್ರ’. ಹೀಗಾಗಿ ಆದೋನಿ, ರಾಯದುರ್ಗಗಳ ವಿದ್ಯಾರ್ಥಿಗೆ ತೊಡಕಿಲ್ಲ. ಕಾಸರಗೋಡಿನವರಿಗೆ ಪದಗಳು ಹೊಸವು, ಆದರೆ ಗೊಂದಲ ಹುಟ್ಟಿಸುವಂಥವಲ್ಲ. ಜತ್ತ, ಅಕ್ಕಲಕೋಟೆ, ತಾಳವಾಡಿ, ಹೊಸೂರುಗಳಲ್ಲಿ ಮಾತ್ರ ಪರಿಚಿತ ಪದವೇ ಅರ್ಥ ಬದಲಿಸಿ ಎದುರಾಗುತ್ತದೆ. ಪದ ಗೊತ್ತಿದೆಯೆಂಬ ಭಾವವೇ ಇಲ್ಲಿ ತಪ್ಪಿನ ಮೂಲ. ಕನ್ನಡದ ರೂಢಿಯೂ ನಿರ್ದುಷ್ಟವಲ್ಲ: ‘ಅಣುಬಾಂಬು’, ‘ಅಣುಶಕ್ತಿ’ಗಳಲ್ಲಿ ‘ಅಣು’ ಎಂದರೆ ಪರಮಾಣುವೇ.

ಮರಾಠಿಯ ನೆರೆಯಲ್ಲಿ ಈ ಸರಣಿ ಇನ್ನೂ ಮುಂದುವರಿಯುತ್ತದೆ. ಕನ್ನಡದ ‘ಧಾತು’ ಮೂಲವಸ್ತು, ಮರಾಠಿಯ ‘ಧಾತು’ ಲೋಹ. ಕನ್ನಡದ ‘ಲೋಹ’ ಚಿನ್ನವೂ ಆಗಬಹುದು, ಮರಾಠಿಯ ‘ಲೋಹ’ ಕಬ್ಬಿಣ. ‘ಆಮ್ಲಜನಕವು ಒಂದು ಧಾತು’ ಎಂಬ ನಿರ್ದುಷ್ಟ ಕನ್ನಡ ವಾಕ್ಯ ಮರಾಠಿ ಕಿವಿಗೆ ಅಸಂಬದ್ಧವಾಗಿ ಕೇಳಿಸುತ್ತದೆ.

ಪದಗಳನ್ನು ಏಕರೂಪಗೊಳಿಸುವುದು ಸುಲಭವಲ್ಲ, ಅಗತ್ಯವೂ ಅಲ್ಲ. ಪ್ರೋಟಾನು, ನ್ಯೂಟ್ರಾನು, ಎಲೆಕ್ಟ್ರಾನುಗಳ ಹೆಸರು ಈ ಎಲ್ಲ ಭಾಷೆಗಳಲ್ಲಿಯೂ ಎರವಲಾಗಿ ಬಂದು ಒಂದೇ ಅರ್ಥದಲ್ಲಿ ನೆಲೆಸಿದೆ. ಆದುದರಿಂದ ಗಡಿನಾಡಿನ ತರಗತಿಯಲ್ಲಿ ಪಾಠ ಈ ಕಣಗಳ ಎಣಿಕೆಯಿಂದ ಆರಂಭವಾಗಿ, ಎರಡೂ ಭಾಷೆಗಳ ಪದಗಳನ್ನು ಅಕ್ಕಪಕ್ಕದಲ್ಲಿರಿಸಿಕೊಂಡು ಮುಂದುವರಿಯುವುದು ಯುಕ್ತ. ಆಗ ಭಾಷೆ ಬದಲಿಸಿದ ವಿದ್ಯಾರ್ಥಿಯ ಉತ್ತರವನ್ನು ಅಜ್ಞಾನವೆಂದು ಎಣಿಸುವ ಪ್ರಮೇಯ ಬಾರದು.