ಪ್ಯಾಂಗ್ಯಾಂಗ್‌ನ ನಡುರಾತ್ರಿ ಪರೇಡ್

2020ರ ಅಕ್ಟೋಬರ್ 10. ಉತ್ತರ ಕೊರಿಯಾವನ್ನು ಆಳುವ ವರ್ಕರ್ಸ್ ಪಾರ್ಟಿಗೆ 75 ವರ್ಷ ತುಂಬಿದ ದಿನ. ರಾಜಧಾನಿ ಪ್ಯಾಂಗ್ಯಾಂಗ್‌ನ ಕಿಮ್ ಇಲ್ ಸುಂಗ್ ಚೌಕ ನಡುರಾತ್ರಿಯಲ್ಲಿ ಝಗಮಗಿಸುತ್ತಿತ್ತು. ಸಾವಿರಾರು ಸೈನಿಕರು ಮೊಣಕಾಲು ಮಡಿಸದೆ, ಒಂದೇ ಎತ್ತರಕ್ಕೆ ಕಾಲೆತ್ತಿ ನಡೆದರು.

ಕೊನೆಗೆ ಬಂದದ್ದು 22 ಚಕ್ರಗಳ ದೈತ್ಯ ವಾಹನ. ಅದು ಹೊತ್ತು ತಂದ ಖಂಡಾಂತರ ಕ್ಷಿಪಣಿಯನ್ನು ಹೊರಜಗತ್ತು ಅದುವರೆಗೆ ಕಂಡಿರಲಿಲ್ಲ. ಅಮೆರಿಕಕ್ಕೆ ಸಂದೇಶ ಮುಟ್ಟಿತು.

ಆದರೆ ಸರ್ವಾಧಿಕಾರಿಯ ಪರೇಡ್ ನಡೆಯುವುದು ಮೊದಲು ತನ್ನದೇ ಜನರಿಗಾಗಿ. ಅಂದು ಭಾಷಣದ ನಡುವೆ ದೇಶದ ನಾಯಕ ಕಿಮ್ ಜಾಂಗ್ ಉನ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಜನರ ಕಷ್ಟ ನೀಗಿಸಲು ತಮ್ಮ ಶ್ರಮ ಸಾಲದಾಯಿತು ಎಂದು ಕ್ಷಮೆ ಕೋರಿದರು. ಕ್ಯಾಮೆರಾ ಅಳುವ ಸೈನಿಕರ ಮುಖಗಳತ್ತ ತಿರುಗಿತು. ಇದ್ಯಾವುದೂ ನೇರಪ್ರಸಾರವಲ್ಲ. ಗಂಟೆಗಟ್ಟಲೆ ತಡವಾಗಿ, ಎಡಿಟ್ ಆದ ಮೇಲೆಯೇ ಸರ್ಕಾರಿ ಟಿವಿಯಲ್ಲಿ ಬಂತು. ಯಾರ ಕಣ್ಣೀರು ಕಾಣಬೇಕು ಎಂಬುದನ್ನೂ ಪ್ರಭುತ್ವವೇ ತೀರ್ಮಾನಿಸುತ್ತದೆ.

ಕಂಡದ್ದೆಲ್ಲ ನಿಜವೇ? ಇಲ್ಲೇ ನಡೆದಿದ್ದ 2012ರ ಪರೇಡ್‌ನ ಚಿತ್ರಗಳನ್ನು ಪರಿಶೀಲಿಸಿದ ಜರ್ಮನ್ ತಜ್ಞರು, ಅಂದು ತೋರಿಸಿದ ಖಂಡಾಂತರ ಕ್ಷಿಪಣಿಗಳು ಬರೀ ಮಾದರಿಗಳು ಎಂದಿದ್ದರು. ಒಂದರಂತೆ ಇನ್ನೊಂದಿರಲಿಲ್ಲ, ಸಿಡಿತಲೆಯ ಹೊದಿಕೆ ತೆಳು ತಗಡಿನಂತೆ ಏರುತಗ್ಗಾಗಿತ್ತು.

ಝಗಮಗದ ಹಿಂದಿನ ಸ್ಥಿತಿಯೂ ಬೇರೆಯೇ ಇತ್ತು. 2020ರ ಪರೇಡ್ ಮುಗಿದ ಎಂಟು ತಿಂಗಳಿಗೆ, 2021ರ ಜೂನ್‌ನಲ್ಲಿ, ದೇಶದ ಆಹಾರ ಪರಿಸ್ಥಿತಿ ಬಿಗಡಾಯಿಸುತ್ತಿದೆ ಎಂದು ಕಿಮ್ ತಾವೇ ಒಪ್ಪಿಕೊಂಡರು.