ಕೆಂಪು ಇಳಿದ ಮಾತ್ರಕ್ಕೆ ಕಣ್ಣು ವಾಸಿಯಾಗಿಲ್ಲ

ಬಿಸಿಲು ಏರಿದರೆ ಸಾಕು, ಕೆಲವು ಮಕ್ಕಳು ಕಣ್ಣುಜ್ಜಲು ಶುರುಮಾಡುತ್ತಾರೆ. ತಡೆಯಲಾಗದ ತುರಿಕೆ, ದಾರದಂತೆ ಎಳೆಯಾಗುವ ಗೀಜು, ಮೇಲಿನ ರೆಪ್ಪೆ ಮಗುಚಿದರೆ ಒಳಗೆಲ್ಲ ಗುಳ್ಳೆ. ವರ್ನಲ್ ಅಲರ್ಜಿ ಎಂಬ ಈ ಕಾಯಿಲೆ ಜೋರಾದಾಗ ವೈದ್ಯರು ಕೆಲವು ದಿನಗಳ ಮಟ್ಟಿಗೆ ಸ್ಟೀರಾಯ್ಡ್ ಡ್ರಾಪ್ಸ್ ಬರೆದುಕೊಡುತ್ತಾರೆ. ಕೆಲವೇ ದಿನಗಳಲ್ಲಿ ಕಣ್ಣು ತಿಳಿಯಾಗುತ್ತದೆ. ಮುಂದಿನ ಬೇಸಿಗೆಗೆ ಮನೆಯವರು ಖಾಲಿ ಬಾಟಲಿ ಹಿಡಿದು ನೇರ ಮೆಡಿಕಲ್ ಶಾಪಿಗೆ ಹೋಗುತ್ತಾರೆ.

ಅಪಾಯ ಇರುವುದು ಇಲ್ಲೇ.

ಕಣ್ಣಿನೊಳಗೆ ಸದಾ ಒಂದು ದ್ರವ ಊರುತ್ತಾ, ಅಂಚಿನಲ್ಲಿರುವ ಜಾಲರಿಯ ಮೂಲಕ ಹೊರಗೆ ಹರಿಯುತ್ತಿರುತ್ತದೆ. ವಾರಗಟ್ಟಲೆ ಸ್ಟೀರಾಯ್ಡ್ ಹಾಕಿದರೆ ಕೆಲವರಲ್ಲಿ ಈ ದಾರಿ ಕಟ್ಟಿಕೊಂಡು ಒತ್ತಡ ಏರುತ್ತದೆ. 1960ರ ದಶಕದಲ್ಲಿ ಅಮೆರಿಕದ ಬರ್ನಾರ್ಡ್ ಬೆಕರ್ ಮತ್ತು ಮನ್ಸೂರ್ ಅರ್ಮಾಲಿ ನಡೆಸಿದ ಅಧ್ಯಯನಗಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಒತ್ತಡ ಸಾಧಾರಣವಾಗಿ ಏರಿತ್ತು. ನೂರರಲ್ಲಿ ಐದಾರು ಮಂದಿಗೆ ತೀರಾ ಹೆಚ್ಚಾಗಿತ್ತು. ನೋವಿಲ್ಲ, ಕೆಂಪಿಲ್ಲ, ಸುಳಿವೇ ಇಲ್ಲ. ದೃಷ್ಟಿಯ ನರ ಸವೆಯುತ್ತಾ ಸುತ್ತಲ ನೋಟ ಮೊದಲು ಮಸುಕಾಗುತ್ತದೆ. ಹೀಗೆ ಗ್ಲಾಕೋಮಾಕ್ಕೆ ಹೋದ ನೋಟ ಮರಳಿ ಬರುವುದಿಲ್ಲ. ಬೋರ್ಡು ಕಾಣುತ್ತಿಲ್ಲ ಎಂದು ಮಗು ಹೇಳುವ ಹೊತ್ತಿಗೆ ಬಹಳ ತಡವಾಗಿರಬಹುದು.

ಹಾಗೆಂದು ಈ ಔಷಧವನ್ನು ದೂರುವುದು ಅನ್ಯಾಯ. ಯುವೈಟಿಸ್‌ನಲ್ಲಿ ಕಣ್ಣಿನ ಮಧ್ಯಪದರ ಉರಿಯೂತಕ್ಕೆ ತುತ್ತಾಗಿ ಪಾಪೆ ಹಿಂದಿನ ಮಸೂರಕ್ಕೆ ಅಂಟಿಕೊಳ್ಳಬಹುದು. ಅಲ್ಲಿ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಹನಿಯೇ ಆಸರೆ. ಮೊದಮೊದಲು ಗಂಟೆಗೊಮ್ಮೆ ಹಾಕಬೇಕಾಗುವುದೂ ಉಂಟು. ಪೊರೆಯ ಆಪರೇಷನ್ ಆದವರಿಗೂ ಇಂಥ ಹನಿ ಬೇಕು. ಸ್ಟೀರಾಯ್ಡ್‌ಗಳ ಸಂಶೋಧನೆಗೆ ಕೆಂಡಾಲ್, ಹೆಂಚ್, ರೈಖ್‌ಸ್ಟೈನ್ ಮೂವರಿಗೂ 1950ರ ನೊಬೆಲ್ ಸಿಕ್ಕಿದ್ದು ಸುಮ್ಮನೆ ಅಲ್ಲ.

ಹೊಲದಲ್ಲಿ ದುಡಿಯುವವರ ವಿಷಯವೇ ಬೇರೆ. ಭತ್ತದ ಹೊಟ್ಟೋ ಕಬ್ಬಿನ ಸೋಗೆಯೋ ಕಣ್ಣಿಗೆ ತಗುಲಿದರೆ ಗೀರಿನ ಮೂಲಕ ಶಿಲೀಂಧ್ರ ಒಳಹೊಗುತ್ತದೆ. ದಕ್ಷಿಣ ಭಾರತದಲ್ಲಿ ಕಾರ್ನಿಯಾ ಹುಣ್ಣಿಗೆ ಇದೊಂದು ದೊಡ್ಡ ಕಾರಣ. ಆಗ ಸ್ಟೀರಾಯ್ಡ್ ಹಾಕಿದರೆ ಕೆಂಪು ಇಳಿದು ಹಿತವೆನಿಸಬಹುದು, ಆದರೆ ದೇಹದ ಪ್ರತಿರೋಧ ಕುಗ್ಗಿ ಶಿಲೀಂಧ್ರ ಇನ್ನೂ ಆಳಕ್ಕೆ ಇಳಿಯುತ್ತದೆ. ಹರ್ಪಿಸ್ ವೈರಸ್‌ನ ಹುಣ್ಣಿನಲ್ಲೂ ಇದೇ ಕಥೆ. ಆಂಟಿಬಯೋಟಿಕ್ ಬೆರೆಸಿದ ಡ್ರಾಪ್ಸ್‌ನಲ್ಲೂ ಸ್ಟೀರಾಯ್ಡ್ ಇರಬಹುದೆಂದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಲೇಬಲ್ಲಿನಲ್ಲಿ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಲೋಟೆಪ್ರೆಡ್ನಾಲ್ ಎಂದಿದ್ದರೆ ಅದು ಸ್ಟೀರಾಯ್ಡೇ.

ವೈದ್ಯರೇ ಬರೆದುಕೊಟ್ಟಿದ್ದರೆ ಹೆದರಿ ಅರ್ಧಕ್ಕೆ ಬಿಡಬಾರದು. ದಿನಕ್ಕೆ ನಾಲ್ಕು, ಮೂರು, ಎರಡು ಎಂದು ಅವರು ಹೇಳಿದಂತೆಯೇ ಇಳಿಸುತ್ತಾ ಬರಬೇಕು. ಒಮ್ಮೆಲೇ ನಿಲ್ಲಿಸಿದರೆ ಉರಿಯೂತ ಮರುಕಳಿಸಬಹುದು. ಪ್ರೆಡ್ನಿಸೊಲೋನ್ ಅಸಿಟೇಟ್ ಬಾಟಲಿಯ ತಳದಲ್ಲಿ ಔಷಧ ಬಿಳಿಯಾಗಿ ಕೂತಿರುತ್ತದೆ, ಚೆನ್ನಾಗಿ ಕುಲುಕದೆ ಹಾಕಿದರೆ ಬರೀ ನೀರು ಹಾಕಿದಂತೆ. ಒಂದು ಹನಿ ಸಾಕು. ಬಳಕೆ ಕೆಲವು ವಾರ ಮುಂದುವರಿದರೆ ಕಣ್ಣಿನ ಒತ್ತಡ ಅಳೆಯುವಂತೆ ವೈದ್ಯರನ್ನು ಕೇಳಲೇಬೇಕು. ಕೆಲವೇ ನಿಮಿಷಗಳಲ್ಲಿ ಮುಗಿಯುವ ಪರೀಕ್ಷೆ ಅದು.