ಒಳಗೆ ಹೋದರೂ ಹೊರಗೇ ನಿಂತಂತೆ!

ಮುನವಳ್ಳಿ: ಮಲಪ್ರಭೆಯ ದಂಡೆಯ ಈ ಊರಿನವರಿಗೆ ಕೋಟೆ ಹೊಸದಲ್ಲ. ಊರಲ್ಲೇ ಒಂದು ಕೋಟೆ ಇದೆ. ಆದರೆ ರಾಣಿಯ ಅರಮನೆ ನೋಡಬೇಕೆಂದರೆ ಬೈಲಹೊಂಗಲ ದಾಟಿ ಕಿತ್ತೂರಿಗೇ ಹೋಗಬೇಕು. ಬುತ್ತಿ ಕಟ್ಟಿಕೊಂಡು, ಮಕ್ಕಳ ಕೈ ಹಿಡಿದು ಹೋದವರು ಕೋಟೆಯೊಳಗೆ ಕಾಲಿಟ್ಟ ಕೂಡಲೇ ಕೇಳುವ ಮಾತು ಒಂದೇ: 'ಅರಮನಿ ಎಲ್ಲೈತ್ರೀ?'

'ನಿಮ್ಮ ಮುಂದ ಇರೋದ ಅರಮನಿ ನೋಡ್ರಿ' ಎಂದರೆ ಮುಖ ಸಪ್ಪಗಾಗುತ್ತದೆ. ಮುಂದಿರುವುದು ಬರೀ ಗೋಡೆಗಳು. ಮೇಲೆ ಮಾಳಿಗೆ ಇಲ್ಲ, ಬಾಗಿಲಿಗೆ ಕದ ಇಲ್ಲ. ಒಳಗೆ ಹೋದರೂ ಹೊರಗೇ ನಿಂತಂತೆ. ಮೈಸೂರಿನ ದೀಪದ ಅರಮನೆ ಕಂಡು ಬಂದವರಂತೂ 'ಇಷ್ಟಕ್ಕ ಬಸ್ ಚಾರ್ಜ್ ದಂಡ ಆತಲ್ರೀ' ಅಂದೇಬಿಡುತ್ತಾರೆ.

ಆದರೆ ಅವಸರ ಬೇಡ. ಗೋಡೆಯ ಗುಂಟ ಸಾವಕಾಶ ನಡೆದರೆ ಸ್ನಾನದ ಮನೆಗಳ ಗುರುತು ಸಿಗುತ್ತದೆ. ಧ್ರುವ ನಕ್ಷತ್ರ ನೋಡಲು ಗೋಡೆಯಲ್ಲೇ ಮಾಡಿದ ಕಿಂಡಿ ಸಿಗುತ್ತದೆ. ಹಳೆಯ ಆಯುಧ, ಶಿಲ್ಪಗಳು ಕೋಟೆಯ ಆವರಣದ ವಸ್ತುಸಂಗ್ರಹಾಲಯದಲ್ಲಿವೆ.

ಈ ಅರಮನೆ ಬರಿದಾದದ್ದು ತಾನಾಗಿ ಅಲ್ಲ. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರ ಸರ್ಜ ತೀರಿಕೊಂಡರು. ಅವರ ದತ್ತು ಮಗನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಖಜಾನೆಗೆ ಸೀಲು ಹಾಕಿಸಿದ. ಅಕ್ಟೋಬರ್ 23ರಂದು ತೋಪು ತಂದು ಕೋಟೆ ಬಾಗಿಲಲ್ಲಿ ನಿಂತವನು ಜೀವಂತ ಮರಳಲಿಲ್ಲ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. ಚೆನ್ನಮ್ಮ ರಾಣಿಯನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು. 1829ರಲ್ಲಿ ಅಲ್ಲೇ ತೀರಿಕೊಂಡರು. ಈಗ ನಾವು ಹೊರಗಿನಿಂದ ನೋಡಿ ಬೇಸರಪಡುವ ಅರಮನೆಗೆ ಅದರ ಒಡತಿ ಮರಳಿ ಕಾಲಿಡಲೇ ಇಲ್ಲ.

2022ರಲ್ಲಿ ಅರಮನೆಯ ಮಾದರಿಯೊಂದನ್ನು ಬಚ್ಚನಕೇರಿಯಲ್ಲಿ ಕಟ್ಟುವ ವಿಚಾರ ಬಂದಾಗ ಕಿತ್ತೂರಿನವರು 'ನಮ್ಮೂರ ಅರಮನಿ ನಮ್ಮೂರಾಗ ಆಗಲಿ' ಎಂದು ಎದ್ದು ನಿಂತರು. ನ್ಯಾಯದ ಮಾತೇ. ಆದರೆ ಹೊಸದು ಎಲ್ಲೇ ಏಳಲಿ, ಇದ್ದ ಗೋಡೆ ಉಳಿಯಬೇಕಲ್ಲ? ಗೋಡೆ ಹತ್ತಿ ಫೋಟೋ ತೆಗೆಸುವವರು, ಮೊಳೆಯಿಂದ ಹೆಸರು ಕೊರೆಯುವವರು ಹೊರದೇಶದಿಂದ ಬಂದವರಲ್ಲ. ನಮ್ಮ ನಿಮ್ಮ ಮನೆಯ ಹುಡುಗರೇ. ಒಂದು ಇಟ್ಟಿಗೆ ಜಾರಿದರೆ ಮಳೆಗಾಲ ಹತ್ತನ್ನು ಜಾರಿಸುತ್ತದೆ.

ಯುದ್ಧ ಗೆದ್ದು 200 ವರ್ಷ ತುಂಬಿದ್ದು 2024ರಲ್ಲಿ. ಉತ್ಸವ ವರ್ಷಕ್ಕೊಮ್ಮೆ, ಗೋಡೆ ಮಾತ್ರ ವರ್ಷವಿಡೀ ಬಿಸಿಲು ಮಳೆಯಲ್ಲಿ ನಿಂತಿರುತ್ತದೆ.

ಈ ಕಡೆಯಿಂದ ಹೋಗುವವರು ಒಂದು ಕೆಲಸ ಮಾಡಬಹುದು. ಮೊದಲು ಬೈಲಹೊಂಗಲದಲ್ಲಿ ಇಳಿದು ರಾಣಿಯ ಸಮಾಧಿಗೆ ಕೈಮುಗಿದು, ಆಮೇಲೆ ಕಿತ್ತೂರಿನ ಬಸ್ ಹಿಡಿಯಲಿ. ಆಗ 'ಅರಮನಿ ಎಲ್ಲೈತ್ರೀ' ಎಂದು ಯಾರನ್ನೂ ಕೇಳಬೇಕಾಗುವುದಿಲ್ಲ.